ಹೊರಗೊಂದು ಇಟ್ಟದ್ದು

ಆ ಮಾತು ಕಿವಿಗೆ ಬಿದ್ದಾಗ ದುರ್ಗಾಂಬಿಕಾ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಹೆಂಚಿನ ಮೇಲೆ ಒಂದು ಉಬ್ಬುತ್ತಿತ್ತು, ಕೈಯ ಕೆಳಗೆ ಇನ್ನೊಂದು ಅಗಲವಾಗುತ್ತಿತ್ತು. ನಡುಮನೆಯಲ್ಲಿ ಗಂಡ ಯರ್ರಿಸ್ವಾಮಿ ಫೋನಿನಲ್ಲಿ ಯಾರ ಜೊತೆಗೋ ದನಿ ತಗ್ಗಿಸಿ ಮಾತಾಡುತ್ತಿದ್ದ. ಗಟ್ಟಿಯಾಗಿ ಆಡಿದ್ದರೆ ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ದನಿ ತಗ್ಗಿಸಿದ ಮಾತಿಗೆ ಕಿವಿ ತಾನಾಗಿಯೇ ನೆಟ್ಟಗಾಗುತ್ತದೆ, ಅದರಲ್ಲಿ ಕಿವಿಯ ತಪ್ಪೇನೂ ಇಲ್ಲ.

“ಒಳಗಿಂದಕ್ಕೆ ಸುಳಿವೇ ಹತ್ತಂಗಿಲ್ಲ ಬಿಡು,” ಅನ್ನುತ್ತಿದ್ದ ಅವನು. “ಅದರ ಪಾಡಿಗೆ ಅದು ಇರ್ತೈತೆ. ನಾನು ಹೊರಗೊಂದು ಇಟ್ಕಂಡೀನಿ, ಅಷ್ಟೆ. ನ್ಯಾಮತೀದು. ಒಬ್ಬರ ಹತ್ರ ಇದ್ದು ಬಂದಿದ್ದೇ, ಆದ್ರೂ ಚೆನ್ನಾಗೈತೆ.”

ಹೆಂಚಿನ ಮೇಲಿನ ರೊಟ್ಟಿ ಸೀದು ಕರಕಾಯಿತು. ವಾಸನೆ ಬಂದು ಯರ್ರಿಸ್ವಾಮಿಯೇ ಕೂಗಿ ಹೇಳಬೇಕಾಯಿತು.

ಆ ಕಡೆಯ ಗಂಡಸರು ನಾಲ್ಕು ಜನರ ಮುಂದೆ ಹೆಂಡತಿಯ ಹೆಸರು ಹೇಳುವುದು ಕಡಿಮೆ. ಮನೆಗೆ ಯಾರಾದರೂ ಏನಾದರೂ ಕೇಳಿಕೊಂಡು ಬಂದರೆ ‘ಒಳಗೆ ಕೇಳಿ ಹೇಳ್ತೀನಿ’ ಅನ್ನುತ್ತಾರೆ. ಒಳಗೆ ಅಂದರೆ ಹೆಂಡತಿ. ಇನ್ನು ಹೊರಗೊಂದು ಇಟ್ಟುಕೊಳ್ಳುವುದು ಅಂದರೆ ಏನು ಅನ್ನುವುದಕ್ಕೆ ನಿಘಂಟು ಬೇಕಿಲ್ಲ, ಕಟ್ಟೆಯ ಮೇಲೆ ಕೂತ ಯಾವ ಮುದುಕಿಯಾದರೂ ಸಾಕು. ಅದರ ಮೇಲೆ ಊರ ಹೆಸರು ಬೇರೆ.

ಕಥೆ ಕೇಳುವವರನ್ನು ಸುಮ್ಮನೆ ಗೋಳು ಹುಯ್ದುಕೊಳ್ಳುವುದು ತರವಲ್ಲ, ಇದ್ದದ್ದನ್ನು ಇಲ್ಲೇ ಹೇಳಿಬಿಡಬೇಕು. ಯರ್ರಿಸ್ವಾಮಿ ಹೊರಗೆ ಇಟ್ಟುಕೊಂಡದ್ದು ಹೆಂಗಸನ್ನಲ್ಲ, ಬೆಂಕಿಪೊಟ್ಟಣದಷ್ಟು ಇದ್ದ ಒಂದು ಕಪ್ಪು ಡಿಸ್ಕನ್ನು.

ಅವನು ಹನಿ ನೀರಾವರಿ ಪೈಪು ಮಾರುವ ಒಂದು ಕಂಪನಿಯ ಮನುಷ್ಯ. ಮನೆ ಚನ್ನಗಿರಿಯಲ್ಲಿ, ತಿರುಗಾಟ ಹೊನ್ನಾಳಿ, ನ್ಯಾಮತಿ, ಹುಟ್ಟೂರಾದ ಜಗಳೂರು, ಇಷ್ಟೂ ತಾಲ್ಲೂಕುಗಳಲ್ಲಿ. ಕಂಪನಿ ಅವನಿಗೊಂದು ಲ್ಯಾಪ್‌ಟಾಪ್ ಕೊಟ್ಟಿತ್ತು. ಅದರೊಳಗಿನ ವಿಂಡೋಸಿಗೆ ಹೊಸದೇನನ್ನೂ ಹಾಕಬಾರದು ಅಂತ ಕಟ್ಟಪ್ಪಣೆ; ಹಾಕಿದರೆ ಮೇಲಿನವರಿಗೆ ಅಲ್ಲೇ ಕೂತು ಗೊತ್ತಾಗುತ್ತಿತ್ತು. ಯರ್ರಿಸ್ವಾಮಿಗೋ ತೋಟಗಳ ನಕ್ಷೆ ಬರೆಯುವುದನ್ನು ಕಲಿಯಬೇಕೆಂಬ ಹುಚ್ಚು. ಎಲ್ಲಿ ಏರು, ಎಲ್ಲಿ ಇಳಿಜಾರು, ನೀರು ಯಾವ ಕಡೆಯಿಂದ ಹರಿದರೆ ಕೊನೆಯ ಗಿಡಕ್ಕೂ ಮುಟ್ಟೀತು ಅನ್ನುವುದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆಯುವುದು. ಕಲಿತು ಕೈ ಕುದುರಿದರೆ ಪೈಪು ಮಾರುವುದು ಬಿಟ್ಟು ತನ್ನದೇ ಕೆಲಸ ಹಿಡಿಯಬೇಕೆಂದು ಅವನ ಎಣಿಕೆ.

ದಾರಿ ತೋರಿಸಿದವನು ಹೊನ್ನಾಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿದ್ದ ಆಕಿಬ್. “ಒಳಗಿನ ವಿಂಡೋಸ್ ಮುಟ್ಟಾದೇ ಬ್ಯಾಡ ಅಣ್ಣ. ಹೊರಗಿನ ಡಿಸ್ಕಿಗೆ ವಿಂಡೋಸಿನಂಥದೇ ಇನ್ನೊಂದು, ಲಿನಕ್ಸ್ ಅಂತ, ಹಾಕಿ ಕೊಡ್ತೀನಿ. ಡಿಸ್ಕ್ ಸಿಕ್ಕಿಸಿ ಆನ್ ಮಾಡಿದ್ರೆ ಅದು ಏಳ್ತೈತೆ, ಕಿತ್ತು ಆನ್ ಮಾಡಿದ್ರೆ ಕಂಪನೀದು ಏಳ್ತೈತೆ. ಒಂದರ ಸುದ್ದಿ ಇನ್ನೊಂದಕ್ಕಿಲ್ಲ,” ಅಂದಿದ್ದ. ಒಂದೇ ಗಾಡಿ, ಎರಡು ಜೊತೆ ಎತ್ತು. ಒಂದು ಜೊತೆ ಕೊಟ್ಟಿಗೆಯಲ್ಲಿ, ಇನ್ನೊಂದು ಬೇಕಾದಾಗ ಹೊರಗಿಂದ ತಂದು ಹೂಡುವುದು. ಡಿಸ್ಕು ನ್ಯಾಮತಿಯ ಒಬ್ಬ ಫೋಟೊ ಸ್ಟುಡಿಯೋದವನು ಬಳಸಿ ಬಿಟ್ಟದ್ದು. ಅವತ್ತು ಫೋನಿನಲ್ಲಿ ಅವನು ಹೇಳುತ್ತಿದ್ದದ್ದು ಇದನ್ನೇ, ಅಂಥದೇ ಲ್ಯಾಪ್‌ಟಾಪ್ ಇದ್ದ ಒಬ್ಬ ಗೆಳೆಯನಿಗೆ.

ಇಷ್ಟನ್ನು ಹೆಂಡತಿಗೆ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಕೆಲಸ ಕೊಡಿಸಿದವನು ದುರ್ಗಾಂಬಿಕಾಳ ಅಣ್ಣ ಓಬಳೇಶ, ಅದೇ ಕಂಪನಿಯಲ್ಲಿ ಇವನಿಗೆ ಮೇಲಿನವನು. ದುರ್ಗಾಂಬಿಕಾಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅನ್ನುವುದು ಯರ್ರಿಸ್ವಾಮಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಬೆಳಿಗ್ಗೆ ಅವಳಿಗೆ ಹೇಳಿದ್ದು ಸಂಜೆಯೊಳಗೆ ಅಣ್ಣನ ಫೋನಿಗೆ ಮುಟ್ಟುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಅವನು ಸುಮ್ಮನಿದ್ದ. ಗುಟ್ಟು ಸಣ್ಣದೇ. ಅದನ್ನು ಆಡಿದ ಮಾತು ಮಾತ್ರ ಅಡ್ಡಾದಿಡ್ಡಿಯಾಗಿತ್ತು.

ದುರ್ಗಾಂಬಿಕಾ ಗಂಡನನ್ನು ಕೇಳಲಿಲ್ಲ. ಮನಸ್ಸಿನಲ್ಲೇ ಕೇಳಿ ಕೇಳಿ ಸಾಕಾಗಿತ್ತು. ಸಾರು ಬಡಿಸುವಾಗ ನಾಲಿಗೆಯ ತುದಿಗೆ ಬರುತ್ತಿತ್ತು, ಅವನು ಹೌದು ಅಂದುಬಿಟ್ಟರೆ ಅಂತ ಹೆದರಿ ನುಂಗಿಕೊಳ್ಳುತ್ತಿದ್ದಳು. ಮದುವೆಯಾಗಿ ವರ್ಷಗಳು ಕಳೆದರೂ ಅವಳ ಮಡಿಲು ತುಂಬಿರಲಿಲ್ಲ. ಅದರ ಬಗ್ಗೆ ಅವನು ಒಂದು ದಿನವೂ ಚುಚ್ಚಿ ಆಡಿದವನಲ್ಲ. ಚುಚ್ಚದೆ ಇದ್ದದ್ದು ಒಳ್ಳೆಯತನವಲ್ಲ, ಆಗಲೇ ಬೇರೆ ದಾರಿ ನೋಡಿಕೊಂಡಿದ್ದಕ್ಕೇ ಅಂತ ಈಗ ಅವಳಿಗೆ ಅನ್ನಿಸತೊಡಗಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಜಗಳೂರಿಗೆ ಹೋಗುವಾಗ ಯಾವ ಅಂಗಿ ಸಿಕ್ಕಿದರೂ ಹಾಕಿಕೊಳ್ಳುವವನು ನ್ಯಾಮತಿಗೆ ಹೋಗುವ ದಿನ ಇಸ್ತ್ರಿ ಮಾಡಿದ್ದೇ ಬೇಕು ಅನ್ನುತ್ತಿದ್ದ. ಅಲ್ಲಿನ ಪೈಪಿನ ಅಂಗಡಿಯವನು ಬಟ್ಟೆ ನೋಡಿ ಮಾತಾಡಿಸುವ ಮನುಷ್ಯ ಅನ್ನುವುದು ಅವಳಿಗೆ ತಿಳಿಯದು. ಸಂಜೆ ಊಟಕ್ಕೆ ಮುಂಚೆ ಅವನು ಗೋಡೆಗೆ ಒರಗಿ ಲ್ಯಾಪ್‌ಟಾಪಿನ ಮುಖ ತನ್ನ ಕಡೆ ತಿರುಗಿಸಿಕೊಂಡು ಕೂರುತ್ತಿದ್ದ. ಅವಳು ಹತ್ತಿರ ಬಂದರೆ ಅರ್ಧ ಮಡಚುತ್ತಿದ್ದ. ಒಮ್ಮೊಮ್ಮೆ ಒಬ್ಬನೇ ನಗುತ್ತಲೂ ಇದ್ದ.

ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಅವಳು ಲ್ಯಾಪ್‌ಟಾಪ್ ತೆರೆದೇಬಿಟ್ಟಳು. ಪಾಸ್‌ವರ್ಡ್ ಗೊತ್ತಿತ್ತು, ತಿಂಗಳ ಕೊನೆಯಲ್ಲಿ ಅವನ ಬಿಲ್ಲು ಟೈಪ್ ಮಾಡಿ ಕೊಡುತ್ತಿದ್ದವಳು ಅವಳೇ. ಒಂದೊಂದೇ ಬಿಚ್ಚಿ ನೋಡಿದಳು. ಪೈಪಿನ ಫೋಟೊ, ನಲ್ಲಿಯ ಫೋಟೊ, ರೈತರ ಪಹಣಿ, ಹಳೇ ಬಿಲ್ಲು. ಒಂದು ಹೆಣ್ಣಿನ ಹೆಸರಿಲ್ಲ, ಒಂದು ಸಾಲು ಮಾತಿಲ್ಲ. ಏನಾದರೂ ಸಿಕ್ಕಿದ್ದರೆ ಅತ್ತು ಹಗುರಾಗುತ್ತಿದ್ದಳೇನೋ. ಏನೂ ಸಿಗದೆ ಇದ್ದದ್ದು ಇನ್ನೂ ಹೆದರಿಸಿತು. ಇಷ್ಟು ಚೊಕ್ಕವಾಗಿ ಮುಚ್ಚಿಡುವವನು ಎಷ್ಟು ಕಾಲದಿಂದ ಮುಚ್ಚಿಡುತ್ತಿರಬೇಕು ಅಂದುಕೊಂಡಳು. ಲ್ಯಾಪ್‌ಟಾಪ್ ಮಡಚಿ ಇದ್ದ ಜಾಗದಲ್ಲೇ ಇಟ್ಟಳು.

ಅಣ್ಣನಿಗೆ ಹೇಳಲು ಧೈರ್ಯ ಬರಲಿಲ್ಲ, ಓಬಳೇಶ ಮೊದಲು ಕೈ ಎತ್ತಿ ಆಮೇಲೆ ವಿಚಾರಿಸುವ ಪೈಕಿ. ಕಡೆಗೆ ಜಗಳೂರಿಗೆ ಫೋನ್ ಮಾಡಿ ಅತ್ತೆ ಭೀಮಕ್ಕನನ್ನು ಕರೆಸಿಕೊಂಡಳು. ಹುಣಸೆಹಣ್ಣು ಬಿಡಿಸಬೇಕು, ನನ್ನೊಬ್ಬಳ ಕೈಲಾಗಲ್ಲ ಅನ್ನುವುದು ನೆಪ. ಭೀಮಕ್ಕ ಒಂದು ಚೀಲ ಹುಣಸೆಹಣ್ಣನ್ನು ತಾನೇ ಹೊತ್ತುಕೊಂಡು ಬಸ್ಸಿಳಿದಳು.

ಭೀಮಕ್ಕ ಮಾತು ಕಡಿಮೆಯ ಹೆಂಗಸು. ಮಾವ ಚಿಕ್ಕಹನುಮಂತಪ್ಪ ಬದುಕಿದ್ದಾಗಲೂ ಹಾಗೆಯೇ. ಅವರು ಉಂಡರೆ ಈಕೆ ಬಾಗಿಲ ಹತ್ತಿರ ನಿಂತು ಬಡಿಸುತ್ತಿದ್ದಳು, ಅವರು ಏನಾದರೂ ಕೇಳಿದರೆ ಹೂಂ ಅನ್ನುತ್ತಿದ್ದಳು. ಜೊತೆಗೆ ಕೂತು ಉಂಡದ್ದನ್ನಾಗಲಿ ನಕ್ಕದ್ದನ್ನಾಗಲಿ ದುರ್ಗಾಂಬಿಕಾ ಕಂಡದ್ದಿಲ್ಲ. ಅದು ಹಳೇ ಕಾಲದವರ ಮರ್ಯಾದೆ ಅಂತ ಅವಳು ತಿಳಿದಿದ್ದಳು. ಮಾವ ದವಸದ ವ್ಯಾಪಾರದವರು, ಮೆದು ಮಾತಿನವರು, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ತೀರಿಕೊಂಡ ಮೇಲೆ ಮಗ ಅವರ ದೊಡ್ಡ ಫೋಟೊಗೆ ಕಟ್ಟು ಹಾಕಿಸಿ ಚನ್ನಗಿರಿಯ ಮನೆಯ ನಡುಮನೆಯಲ್ಲಿ ತೂಗುಹಾಕಿದ್ದ. ಹೊರಗೆ ಹೋಗುವ ಮುಂಚೆ ಅದಕ್ಕೆ ಕೈ ಮುಗಿಯದೆ ಅವನು ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ಸೊಸೆ ಹಿತ್ತಿಲ ಬಾಗಿಲಲ್ಲಿ ಕೂತರು. ಭೀಮಕ್ಕ ಹಣ್ಣನ್ನು ಕಲ್ಲಿನ ಮೇಲೆ ಇಟ್ಟು ಕುಟ್ಟುತ್ತಿದ್ದಳು, ದುರ್ಗಾಂಬಿಕಾ ನಾರು ಬಿಡಿಸುತ್ತಿದ್ದಳು.

“ಅತ್ತೆ,” ಅಂದಳು. “ನಿಮ್ಮ ಮಗ ಹೊರಗೊಂದು ಇಟ್ಕಂಡಾರೆ.”

ಭೀಮಕ್ಕ ತಲೆ ಎತ್ತಲಿಲ್ಲ. ಇನ್ನೊಂದು ಹಣ್ಣು ಕಲ್ಲಿನ ಮೇಲೆ ಇಟ್ಟಳು. “ಯಾರು ಹೇಳಿದ್ರು?”

“ಅವರ ಬಾಯಿಂದಾನೇ ಕೇಳಿಸ್ಕಂಡೆ. ಫೋನಿನಾಗೆ.”

“ಊಟ ಮನೇಲೇ ಮಾಡ್ತಾನಾ?”

“ಮಾಡ್ತಾರೆ.”

“ಬಟ್ಟೆ ಒಗೆಯಾಕೆ ಇಲ್ಲೇ ಹಾಕ್ತಾನಾ?”

“ಇಲ್ಲೇ ಹಾಕ್ತಾರೆ.”

“ಹಂಗಾರೆ ಇನ್ನೂ ಹೊಸದು,” ಅಂದಳು ಭೀಮಕ್ಕ. ಸಂತೆಯಲ್ಲಿ ಕಾಯಿ ಎಳೆಯದೋ ಬಲಿತದ್ದೋ ಅಂತ ಹೇಳುವ ಹಾಗಿತ್ತು ಅವಳ ದನಿ. “ಕೇಳಬ್ಯಾಡ ಕಣವ್ವ. ಕೇಳಿದ್ರೆ ಮುಚ್ಚಿಡಾದು ಬಿಡ್ತಾರೆ. ಅವರು ಮುಚ್ಚಿಡಾ ತನಕ ಮನೆ ನಿಂದೇ. ಬಾಯಿಬಿಟ್ಟು ಹೌದು ಅಂದ ದಿನ ಅರ್ಧ ಹೋತು ಅಂತ ತಿಳ್ಕ.”

ದುರ್ಗಾಂಬಿಕಾ ಬೆಪ್ಪಾಗಿ ಕೂತಳು. ಮಗನ ಪರ ವಹಿಸಿ ಜಗಳಕ್ಕೆ ಬರುತ್ತಾಳೆ ಅಂದುಕೊಂಡಿದ್ದಳು, ಇಲ್ಲವೇ ಮಗನನ್ನು ಬೈದು ತನ್ನನ್ನು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಇಷ್ಟು ಚೆನ್ನಾಗಿ ಲೆಕ್ಕ ಗೊತ್ತಿರುವುದು ಹೇಗೆ ಅಂತ ಅವಳಿಗೆ ಒಳಗೊಳಗೇ ದಿಗಿಲಾಯಿತು.

“ಯಾವೂರಂತೆ?” ಅಂದಳು ಭೀಮಕ್ಕ.

“ನ್ಯಾಮತಿ.”

ಕುಟ್ಟುವ ಕೈ ನಿಂತಿತು. ಭೀಮಕ್ಕ ಮೊದಲ ಸಲ ತಲೆ ಎತ್ತಿ ಸೊಸೆಯ ಮುಖ ನೋಡಿದಳು. “ನ್ಯಾಮತೀನಾ?” ಅಂದಳು. ಆಮೇಲೆ ಚೀಲದ ಬಾಯಿ ಕಟ್ಟಿ, ಬಿಸಿಲು ಜಾಸ್ತಿಯಾಯಿತು, ನಾಳೆ ಬಿಡಿಸೋಣ ಅಂತ ಎದ್ದು ಒಳಗೆ ಹೋದಳು.

ಅವತ್ತೇ ಸಂಜೆ ಯರ್ರಿಸ್ವಾಮಿ ತನ್ನ ಮೂಲೆಯಲ್ಲಿ ಕೂತು ಲಿನಕ್ಸಿನ ಹೊಸ ವರ್ಷನ್ ಹಾಕಿಕೊಳ್ಳುತ್ತಿದ್ದ. ಆಕಿಬನನ್ನು ಕೇಳಿ ಮಾಡಬೇಕಿತ್ತು. ಇಷ್ಟು ದಿನದಲ್ಲಿ ತನಗೂ ಕೈ ಪಳಗಿದೆ ಅನ್ನುವ ಹಮ್ಮು. ದುರ್ಗಾಂಬಿಕಾ ಮಜ್ಜಿಗೆಯ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಕೊಡಲಿಲ್ಲ, ಹೋಗಲೂ ಇಲ್ಲ, ಸುಮ್ಮನೆ ಅವನನ್ನೇ ನೋಡಿದಳು. ಪರದೆಯ ಮೇಲೆ ಏನೋ ಪ್ರಶ್ನೆ ಬಂದಿತ್ತು. ಅವಳ ನೋಟಕ್ಕೆ ಅವನು ತಡಬಡಿಸಿ ಓದದೆಯೇ ಸರಿ ಅಂತ ಒತ್ತಿದ, ಮತ್ತೊಂದು ಬಂತು, ಅದನ್ನೂ ಒತ್ತಿದ. ಮುಗಿದ ಕೂಡಲೇ ಆರಿಸಿ ಮಡಚಿದ.

“ಏನ್ರೀ ಅದು?” ಅಂದಳು.

“ಆಫೀಸಿಂದು,” ಅಂದ.

ಅವನ ಮುಖ ಕೆಂಪಗಾಗಿತ್ತು. ಅವಳು ಲೋಟ ನೆಲದ ಮೇಲೆ ಇಟ್ಟು ಒಳಗೆ ಹೋದಳು. ಅತ್ತೆ ಅಡುಗೆಮನೆಯಿಂದಲೇ ತಲೆ ಅಲ್ಲಾಡಿಸಿ, ಕೇಳಬೇಡ ಅಂತ ಕಣ್ಣಲ್ಲೇ ಹೇಳಿದಳು.

ಮರುದಿನ ಹೊನ್ನಾಳಿಯಲ್ಲಿ ಕಂಪನಿಯ ಮೀಟಿಂಗು. ಯರ್ರಿಸ್ವಾಮಿ ಡಿಸ್ಕನ್ನು ಮನೆಯಲ್ಲೇ ಬಿಟ್ಟು ಲ್ಯಾಪ್‌ಟಾಪ್ ಒಂದನ್ನೇ ತೆಗೆದುಕೊಂಡು ಹೋದ. ದುರ್ಗಾಂಬಿಕಾ ಅನ್ನಕ್ಕೆ ಇಟ್ಟಿದ್ದಾಗ ಅಣ್ಣನ ಫೋನು ಬಂತು.

“ದುರ್ಗೀ, ಭಾವ ಆ ಲ್ಯಾಪ್‌ಟಾಪ್‌ಗೆ ಏನು ಮಾಡ್ಯಾರೆ? ಎಲ್ಲರ ಮುಂದೆ ತೆಗೆದ್ರೆ ಬರೀ ಕಪ್ಪು. ಮೂಲೆಯಾಗೆ ಏನೋ ನಾಲ್ಕಕ್ಷರ ಬಂದು ಮಿಣಮಿಣ ಅಂತೈತೆ, ಮುಂದಕ್ಕೆ ಹೋಗವಲ್ದು. ಫೋಟೊ ಕಳ್ಸಿ ಕೇಳಿದ್ರೆ ಕಂಪನಿ ಕಂಪ್ಯೂಟರಿನೋರು, ಹೊರಗಿಂದು ಏನೋ ಇಟ್ಕಂಡಾರೆ ಅಂತಾರೆ. ಭಾವನ್ನ ಕೇಳಿದ್ರೆ ನೆಲ ನೋಡ್ತಾರೆ. ನಿಂಗೇನಾರ ಗೊತ್ತಾ?”

ಹೊರಗಿಂದು ಅನ್ನುವ ಮಾತು ಕೇಳಿದ್ದೇ ತಡ, ಇಷ್ಟು ದಿನ ಗಂಟಲಲ್ಲಿ ಹಿಡಿದಿಟ್ಟದ್ದು ಕಟ್ಟೆಯೊಡೆಯಿತು. “ಇಟ್ಕಂಡಾರಣ್ಣ,” ಅಂದಳು. “ನ್ಯಾಮತೀಲಿ ಒಬ್ಬಳನ್ನ ಇಟ್ಕಂಡಾರೆ.” ಆಮೇಲೆ ಅತ್ತಳು.

“ಫೋನ್ ಇಡು. ಕರ್ಕಂಡು ಬರ್ತೀನಿ,” ಅಂದ ಓಬಳೇಶ.

ಅವರಿಬ್ಬರೂ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ದಾರಿಯುದ್ದಕ್ಕೂ ಓಬಳೇಶ ಒಂದು ಮಾತೂ ಆಡಿರಲಿಲ್ಲವಂತೆ, ಬೈಕಿನ ಹಿಂದೆ ಕೂತ ಯರ್ರಿಸ್ವಾಮಿ ಕೆಲಸ ಹೋಯಿತು ಅಂತಲೇ ಲೆಕ್ಕ ಹಾಕಿಕೊಂಡು ಬಂದಿದ್ದನಂತೆ. ಅವನ ಮುಖ ಸಣ್ಣಗಾಗಿತ್ತು. ಒಳಗೆ ಬಂದವನೇ ಅಪ್ಪನ ಫೋಟೊದ ಕೆಳಗೆ ಕುಂಬಳಕಾಯಿ ಕಳ್ಳನ ಹಾಗೆ ನಿಂತ. ಭೀಮಕ್ಕ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಳು.

“ಅವಳ ಎದುರಿಗೇ ಹೇಳ್ರಿ ಭಾವ,” ಅಂದ ಓಬಳೇಶ. “ಮುಚ್ಚುಮರೆ ಬ್ಯಾಡ.”

ಅತ್ತೆ ಬಾಗಿಲಿನಿಂದ ಬೇಡ ಬೇಡ ಅಂತ ಕೈ ಆಡಿಸುತ್ತಿದ್ದಳು. ದುರ್ಗಾಂಬಿಕಾ ಅದನ್ನು ನೋಡಿದಳು, ನೋಡಿಯೂ ಮುಂದೆ ಬಂದಳು. ಅರ್ಧ ಮನೆ ಹೋದರೂ ಹೋಗಲಿ, ಹೀಗೆ ಕದ್ದು ನೋಡಿಕೊಂಡು ಬದುಕಲಾರೆ ಅನ್ನಿಸಿಬಿಟ್ಟಿತ್ತು ಅವಳಿಗೆ.

“ರೀ, ಒಂದೇ ಮಾತು ಹೇಳ್ರಿ. ಹೊರಗೊಂದು ಇಟ್ಕಂಡೀರಾ, ಇಲ್ವಾ?”

ಯರ್ರಿಸ್ವಾಮಿ ಹೆಂಡತಿಯನ್ನು ನೋಡಿದ, ಭಾವಮೈದುನನನ್ನು ನೋಡಿದ. ಎಲ್ಲ ಗೊತ್ತಾದ ಮೇಲೆ ಸುಳ್ಳು ಹೇಳಿ ಏನು ಉಪಯೋಗ. “ಇಟ್ಕಂಡೀನಿ,” ಅಂದ ತಲೆ ತಗ್ಗಿಸಿ.

ದುರ್ಗಾಂಬಿಕಾ ನಿಂತಲ್ಲೇ ಕುಸಿದು ಕೂತಳು. ಓಬಳೇಶ ಅವನ ಕೊರಳಪಟ್ಟಿಗೆ ಕೈ ಹಾಕಿದ. “ಎಲ್ಲಿಟ್ಟಿದ್ದೀಯೋ?” ಅಂದ, ಭಾವ ಅನ್ನುವುದು, ಬಹುವಚನ, ಎರಡೂ ಹಾರಿಹೋಗಿದ್ದವು.

“ಇಲ್ಲೇ. ಅಪ್ಪನ ಹಿಂದೆ.”

“ಯಾರ ಹಿಂದೆ?”

ಯರ್ರಿಸ್ವಾಮಿ ಕೊರಳು ಬಿಡಿಸಿಕೊಂಡು ಫೋಟೊದ ಹಿಂದೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿದ್ದ ಕಪ್ಪು ಡಬ್ಬಿಯನ್ನು ತೆಗೆದ. ಅದಕ್ಕೊಂದು ಮೊಳಕ್ಕಿಂತ ಗಿಡ್ಡ ವೈರು. ಅದನ್ನು ನೆಲದ ಮೇಲೆ, ಹೆಂಡತಿಯ ಮುಂದೆ ಇಟ್ಟ. “ಇದೇ. ತಪ್ಪಾತು ಓಬಳೇಶಣ್ಣ. ಕಂಪನಿಗೆ ಹೇಳಬ್ಯಾಡ್ರಿ.”

ಮೂವರೂ ಆ ಡಬ್ಬಿಯನ್ನು ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ. “ನ್ಯಾಮತಿಯೋಳು ಎಲ್ಲಿ?” ಅಂದಳು ದುರ್ಗಾಂಬಿಕಾ.

“ನ್ಯಾಮತಿಯೋಳು ಯಾರು?” ಅಂದ ಅವನು. “ಇದೇ ನ್ಯಾಮತೀದು. ಸ್ಟುಡಿಯೋದೋನ ಹತ್ರ ತಗಂಡಿದ್ದು.”

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಅವನು ಡಬ್ಬಿಯ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಆನ್ ಮಾಡಿದ. ಹೊನ್ನಾಳಿಯಲ್ಲಿ ಸತ್ತು ಬಿದ್ದಿದ್ದ ಯಂತ್ರ ಎದ್ದು ಕೂತಿತು. ಪರದೆಯ ಮೇಲೆ ಬಸವಾಪಟ್ಟಣದ ಒಂದು ತೋಟ, ಉಬ್ರಾಣಿಯ ಒಂದು ಹೊಲ, ಮೇಲೆ ಬಣ್ಣಬಣ್ಣದ ಗೆರೆಗಳು. ಗೆರೆ ಗೆರೆಗೂ ಬೆರಳಿಟ್ಟು ಅವನು ವಿವರಿಸಿದ. ಓಬಳೇಶನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಕೊರಳಪಟ್ಟಿ ಹಿಡಿದದ್ದು ನೆನಪಾಗಿ ನಾಚಿಕೆಯಾಯಿತು, ಕಡೆಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ದುರ್ಗಾಂಬಿಕಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವಳಿಗೇ ತಿಳಿಯುತ್ತಿರಲಿಲ್ಲ. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು, ಅದರ ಜಾಗ ಮಾತ್ರ ಇನ್ನೂ ನೋಯುತ್ತಿತ್ತು.

ಯರ್ರಿಸ್ವಾಮಿ ಆಕಿಬನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟ.

“ಅಣ್ಣ, ಹೊಸ ವರ್ಷನ್ ಹಾಕುವಾಗ ಬೂಟ್, ಅಂದ್ರೆ ಮಿಷನ್ ಏಳಿಸಾದನ್ನ, ಎಲ್ಲಿಡಬೇಕು ಅಂತ ಕೇಳಿರ್ತೈತೆ,” ಅಂದ ಆಕಿಬ್. “ನೀವು ನೋಡ್ದೇ ಒತ್ತೀರಿ. ಅದು ಹೋಗಿ ಒಳಗಿನ ಡಿಸ್ಕಿನಾಗೆ ಕೂತೈತೆ. ಈಗ ಒಳಗಿಂದು ಏಳಾಕೆ ಹೊರಗಿಂದನ್ನ ಹುಡುಕ್ತೈತೆ, ಸಿಗದಿದ್ರೆ ಅಲ್ಲೇ ನಿಲ್ತೈತೆ. ಗಾಬರಿ ಆಗಬ್ಯಾಡ್ರಿ, ಕಂಪನೀದು ಏನೂ ಹಾಳಾಗಿಲ್ಲ. ತಂದು ಕೊಡ್ರಿ, ಬಿಡಿಸಿ ಕೊಡ್ತೀನಿ.”

ಓಬಳೇಶ ಕಣ್ಣೊರೆಸಿಕೊಂಡು, ನಾಳೆಯೇ ಸರಿಮಾಡಿಸಿ, ಮೇಲಿನವರಿಗೆ ನಾನು ಏನೋ ಹೇಳ್ತೀನಿ ಅಂದ. ಯರ್ರಿಸ್ವಾಮಿಗೆ ಹೋದ ಜೀವ ಬಂದಂತಾಯಿತು. “ಕಿತ್ತುಬಿಟ್ರೆ ಒಳಗಿಂದಕ್ಕೆ ಏನೂ ಗೊತ್ತಾಗಲ್ಲ ಅಂದ್ಕಂಡಿದ್ದೆ ನೋಡ್ರಿ,” ಅಂದ ನಗುತ್ತ.

“ನಿಮ್ಮಪ್ಪಾರೂ ಹಂಗೇ ಅಂದ್ಕಂಡಿದ್ರು,” ಅಂದಳು ಭೀಮಕ್ಕ.

ನಗು ನಿಂತಿತು. ಭೀಮಕ್ಕ ಬಾಗಿಲು ಬಿಟ್ಟು ಬಂದು ನೆಲದ ಮೇಲೆ ಕೂತಿದ್ದಳು. ಮಾತು ಬಾಯಿ ತಪ್ಪಿ ಬಂದದ್ದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು, ಆದರೆ ಆಡಿದ ಮಾತು, ಒಡೆದ ಮುತ್ತು.

“ಏನಂದೆ ಅವ್ವ?” ಅಂದ ಮಗ.

“ನ್ಯಾಮತೀಲಿ,” ಅಂದಳು. “ನೀನು ಹೊಟ್ಟೇಲಿದ್ದೆ. ನಾನು ಒಂದು ಮದುವೇಲಿ ಊಟಕ್ಕೆ ಕೂತಿದ್ದೆ, ಬಿದಿರು ತಟ್ಟಿ ಆಚೆ ಗಂಡಸರು ಮಾತಾಡ್ತಿದ್ರು. ಚಿಕ್ಕಹನುಮಂತಪ್ಪ ನ್ಯಾಮತೀಲಿ ಒಂದು ಇಟ್ಟಾನಪ್ಪ, ಅದಕ್ಕೇ ವಾರ ವಾರ ಓಡ್ತಾನೆ ಅಂದು ನಕ್ರು.”

ಯರ್ರಿಸ್ವಾಮಿ ಅಪ್ಪನ ಫೋಟೊದ ಕಡೆ ನೋಡಿ ಕಣ್ಣು ತೆಗೆದ. “ನೀನು ನೋಡ್ದ್ಯಾ?”

“ಇಲ್ಲ.”

“ಅಪ್ಪನ್ನ ಕೇಳಿದ್ಯಾ?”

“ಇಲ್ಲ. ಕೇಳಬ್ಯಾಡ, ಕೇಳಿದ್ರೆ ಮುಚ್ಚಿಡಾದು ಬಿಡ್ತಾರೆ ಅಂತ ನಮ್ಮವ್ವ ಹೇಳಿದ್ಲು.”

ಓಬಳೇಶ ಮೆಲ್ಲಗೆ ಕೆಮ್ಮಿದ. “ಅತ್ತೆ, ಆವಾಗಿನ ವ್ಯಾಪಾರಸ್ತರು ಸಂತೆ ಊರಾಗೆ ಒಂದು ಕೋಣೆ ಇಡ್ತಿದ್ರು. ಮೂಟೆ ಹಾಕಾಕೆ, ಹೊತ್ತಾದ್ರೆ ಮಲಗಾಕೆ. ನಮ್ಮಪ್ಪಾನೂ ದಾವಣಗೆರೇಲಿ ಒಂದು ಇಟ್ಟಿದ್ದ. ಎಲ್ಲರೂ ಹಂಗೇ ಅಂತಿದ್ರು, ಒಂದು ಇಟ್ಟಾನೆ ಅಂತ.” ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು ಅವನಿಗೆ.

ಭೀಮಕ್ಕ ಲ್ಯಾಪ್‌ಟಾಪಿನಿಂದ ಆ ಡಬ್ಬಿಯನ್ನು ಕಿತ್ತು ಕೈಗೆತ್ತಿಕೊಂಡಳು. ತೋಟದ ಗೆರೆಗಳು ನಿಂತಲ್ಲೇ ನಿಂತವು. ಅಂಗೈಯಲ್ಲಿಟ್ಟು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಒಂದು ಅಂದ್ರು,” ಅಂದಳು. “ಏನು ಅಂತ ಅನ್ನಲಿಲ್ಲ.”

ದುರ್ಗಾಂಬಿಕಾ ಅತ್ತೆಯ ಪಕ್ಕ ಸರಿದು ಕೂತಳು. ನಿನ್ನೆ ಹಿತ್ತಿಲ ಬಾಗಿಲಲ್ಲಿ ಇದೇ ಹೆಂಗಸು ಹೇಳಿದ ಒಂದೊಂದು ಮಾತೂ ಅವಳಿಗೆ ನೆನಪಾಗುತ್ತಿತ್ತು. ಅತ್ತೆಯ ಮಾತು ಕೇಳಿದ್ದರೆ ತಾನೂ ಬಾಗಿಲ ಹತ್ತಿರ ನಿಂತು ಬಡಿಸುತ್ತ, ಹೂಂ ಅನ್ನುತ್ತ ಮುದುಕಿಯಾಗುತ್ತಿದ್ದೆ ಅನ್ನಿಸಿತು.

“ಅವರನ್ನ ಮಣ್ಣು ಮಾಡಿದ ದಿನ ಬೀದಿ ಕಡೇನೇ ನೋಡ್ತಿದ್ದೆ,” ಅಂದಳು ಭೀಮಕ್ಕ. ಅವಳು ಮಾತಾಡುತ್ತಿದ್ದದ್ದು ಡಬ್ಬಿಯ ಜೊತೆಗೆ. “ಅವಳು ಬರ್ತಾಳೆ, ಬಂದ್ರೆ ಮುಖ ನೋಡಾನ ಅಂತ. ಯಾರೂ ಬರಲಿಲ್ಲ. ಮಾನಗೆಟ್ಟೋಳು, ಮಣ್ಣಿಗೂ ಬರಲಿಲ್ಲ ಅಂತ ಬೈಕಂಡೆ.”

“ಬಿಡ್ರಿ ಅತ್ತೆ,” ಅಂದಳು ದುರ್ಗಾಂಬಿಕಾ. “ಆಗಿದ್ದಾಯ್ತು.”

“ಹಾಸಿಗೆ ಹಿಡಿದ ಮ್ಯಾಲೆ ಒಂದಿನ ಕೇಳಿದ್ರು ಕಣವ್ವ. ‘ಭೀಮೀ, ಅವತ್ತಿಂದ ಇವತ್ತಿನ ತನಕ ನನ್ ಮ್ಯಾಲೆ ನಿಂಗೆ ಯಾಕೆ ಸಿಟ್ಟು, ಇವತ್ತಾದ್ರೂ ಹೇಳು’ ಅಂದ್ರು. ನಾನು ಹೇಳಲಿಲ್ಲ. ಗೊತ್ತಿದ್ದೂ ಕೇಳ್ತಾರೆ ಅಂದ್ಕಂಡೆ.”

ಅವಳು ಡಬ್ಬಿಯನ್ನು ಕರ್ಚೀಫಿನಲ್ಲಿ ಮತ್ತೆ ಸುತ್ತಿ ಮಗನಿಗೆ ಕೊಟ್ಟಳು. ಆಮೇಲೆ ಗೋಡೆ ಹಿಡಿದು ಎದ್ದು, ಫೋಟೊದ ಮುಂದೆ ಹೋಗಿ ನಿಂತಳು, ಏನೋ ಕೇಳಬೇಕಾಗಿದ್ದವಳ ಹಾಗೆ.